ಟಾಮ್–ಮ್ಯಾಗಿ, ದುರ್ಗಾ–ಅಪು: ಹಳೇ ಕಾದಂಬರಿಗಳ ಒಡಹುಟ್ಟಿದವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾವ ಕಥೆಯ ಕೊನೆಯನ್ನೂ ಮುಚ್ಚಿಟ್ಟಿಲ್ಲ. ಯಾರು ಸಾಯುತ್ತಾರೆ, ಯಾರು ಮನೆ ಬಿಡುತ್ತಾರೆ ಎಲ್ಲ ಬರುತ್ತದೆ. ಓದಿ ಮುಗಿಸಿಯೇ ಬರುತ್ತೇನೆ ಅನ್ನುವವರು ಆಮೇಲೆ ಬನ್ನಿ.

ಹಳೇ ಕಾದಂಬರಿ ಹಿಡಿದರೆ ಮೊದಲ ನೂರು ಪುಟ ಬರೀ ಮಕ್ಕಳ ಜಗಳ. ಅದನ್ನೆಲ್ಲ ಓದಲೇಬೇಕಾ?

ಓದಲೇಬೇಕು. ಜಾರ್ಜ್ ಎಲಿಯಟ್ ಬರೆದ ‘ದಿ ಮಿಲ್ ಆನ್ ದಿ ಫ್ಲಾಸ್’ (1860) ತಗೊಳ್ಳಿ. ಏಳು ಭಾಗಗಳ ಪುಸ್ತಕ, ಮೊದಲ ಭಾಗದ ಹೆಸರೇ ‘ಹುಡುಗ ಮತ್ತು ಹುಡುಗಿ’. ಅಣ್ಣ ಟಾಮ್‌ಗೆ 13, ತಂಗಿ ಮ್ಯಾಗಿಗೆ 9. ಅಪ್ಪ ಟಲಿವರ್‌ಗೆ ನದಿ ದಂಡೆಯಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಇದೆ. ಮ್ಯಾಗಿ ಅಣ್ಣನ ಮೊಲಗಳಿಗೆ ಮೇವು ಹಾಕುವುದನ್ನು ಮರೆಯುತ್ತಾಳೆ, ಮೊಲಗಳು ಸಾಯುತ್ತವೆ. ನೆಂಟರು ಬಂದ ದಿನವೇ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುತ್ತಾಳೆ. ಚಿಕ್ಕಮ್ಮನ ಮಗಳನ್ನು ಕೆಸರಿಗೆ ತಳ್ಳುತ್ತಾಳೆ. ಮನೆ ಬಿಟ್ಟು ಜಿಪ್ಸಿಗಳ ಹತ್ತಿರ ಓಡಿಹೋಗುತ್ತಾಳೆ. ಓದುವಾಗ ತಮಾಷೆಯಾಗಿಯೇ ಇರುತ್ತದೆ.

ಆದರೆ ಬೆಳೆದ ಮೇಲೆ ಇದೇ ಟಾಮ್ ಇದೇ ಮ್ಯಾಗಿಗೆ ‘ನನ್ನ ಮನೆಯಲ್ಲಿ ನಿನಗೆ ಜಾಗ ಇಲ್ಲ’ ಅನ್ನುತ್ತಾನಲ್ಲ, ಆಗ ನಿಮಗೆ ಆಶ್ಚರ್ಯ ಆಗುವುದಿಲ್ಲ, ಯಾಕೆಂದರೆ ಸತ್ತ ಮೊಲದ ದಿನವೂ ಅವನು ‘ನಿನ್ನ ಮೇಲೆ ನನಗೆ ಪ್ರೀತಿ ಇಲ್ಲ, ನಾಳೆ ಮೀನು ಹಿಡಿಯಲು ಬರಬೇಡ’ ಎಂದೇ ಹೇಳಿದ್ದ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಬೇಕು ಅನ್ನುವ ಹುಡುಗ ದೊಡ್ಡವನಾಗಿದ್ದಾನೆ, ಅಷ್ಟೇ.

ಹಾಗಾದರೆ ಇಂಥ ಪುಸ್ತಕ ಓದುವಾಗ ಮುಖ್ಯವಾಗಿ ಏನನ್ನು ಗಮನಿಸಬೇಕು?

ಯಾರಿಗೆ ಏನು ಸಿಕ್ಕಿತು ಅನ್ನುವುದನ್ನು. ಸ್ವಭಾವ, ಪಾತ್ರಚಿತ್ರಣ ಎಲ್ಲ ಆಮೇಲೆ. ಆ ಮನೆಯಲ್ಲಿ ಹಾಲು ಯಾರಿಗೆ, ಸ್ಕೂಲು ಯಾರಿಗೆ, ಬೈಗುಳ ಯಾರಿಗೆ? ಮೊದಲು ಅದನ್ನು ನೋಡಿ. ದೊಡ್ಡವರು ‘ನಮಗೆ ಎಲ್ಲ ಮಕ್ಕಳೂ ಒಂದೇ’ ಅನ್ನುತ್ತಾರೆ. ಮಕ್ಕಳಿಗೆ ಗೊತ್ತು, ಒಂದೇ ಅಲ್ಲ. ಅವರು ಲೆಕ್ಕ ಇಟ್ಟುಕೊಂಡಿರುತ್ತಾರೆ. ದೊಡ್ಡ ಬರಹಗಾರರಿಗೂ ಆ ಲೆಕ್ಕ ಗೊತ್ತಿರುತ್ತದೆ. ಒಡಹುಟ್ಟಿದವರ ಪ್ರೀತಿ ಮತ್ತು ಸಿಟ್ಟು ಎರಡೂ ಒಂದೇ ತಟ್ಟೆಯಿಂದ ಹುಟ್ಟುತ್ತವೆ ಎಂದು ಅವರು ತೋರಿಸುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ.

ಒಂದು ಉದಾಹರಣೆ ಕೊಡಿ.

ಎಲಿಯಟ್‌ ಪುಸ್ತಕದ ಜಾಮ್ ಪಫ್ ಪ್ರಸಂಗ. ನನ್ನ ಪ್ರಕಾರ ಒಡಹುಟ್ಟಿದವರ ಬಗ್ಗೆ ಯಾರೇ ಬರೆದ ಅತ್ಯುತ್ತಮ ಎರಡು ಪುಟ ಇದು.

ಅಣ್ಣ ತಂಗಿ ಇಬ್ಬರೂ ಮರದ ಕೊಂಬೆಗಳ ಮೇಲೆ ಕೂತು ತಿನ್ನುತ್ತಿದ್ದಾರೆ. ಒಳಗೆ ಜಾಮ್ ತುಂಬಿದ ಪಫ್. ಕೊನೆಗೆ ಒಂದೇ ಒಂದು ಉಳಿಯುತ್ತದೆ. ಟಾಮ್ ಚಾಕುವಿನಿಂದ ಎರಡು ಭಾಗ ಮಾಡುತ್ತಾನೆ, ಆದರೆ ಸಮ ಬರುವುದಿಲ್ಲ. ಒಂದರಲ್ಲಿ ಜಾಮ್ ಜಾಸ್ತಿ, ಇನ್ನೊಂದರಲ್ಲಿ ಸೋರಿಹೋಗಿದೆ. ಸರಿ, ನ್ಯಾಯವಾಗಿ ಹಂಚೋಣ ಎಂದು ‘ಕಣ್ಣು ಮುಚ್ಚು, ಎಡಗೈನದ್ದಾ ಬಲಗೈನದ್ದಾ ಹೇಳು’ ಅನ್ನುತ್ತಾನೆ. ಮ್ಯಾಗಿ, ‘ಜಾಮ್ ಸೋರಿದ್ದೇ ನನಗಿರಲಿ’ ಅನ್ನುತ್ತಾಳೆ. ಅವಳಿಗೆ ಬೇಕಾಗಿರುವುದು ಪಫ್ ಅಲ್ಲ, ಅಣ್ಣನ ಖುಷಿ. ಟಾಮ್ ಒಪ್ಪುವುದಿಲ್ಲ. ನ್ಯಾಯ ಅಂದರೆ ನ್ಯಾಯ. ಕೊನೆಗೆ ಅವಳು ‘ಎಡಗೈ’ ಅನ್ನುತ್ತಾಳೆ. ಒಳ್ಳೆಯ ತುಂಡು ಅವಳಿಗೇ ಬರುತ್ತದೆ. ‘ನೀನೇ ತಗೋ ಟಾಮ್’ ಎಂದು ಬೇಡುತ್ತಾಳೆ. ‘ಬೇಡ’ ಎಂದು ಮುಖ ಸಿಂಡರಿಸುತ್ತಾನೆ.

ಸರಿ, ಇನ್ನು ವಾದ ಮಾಡಿ ಉಪಯೋಗ ಇಲ್ಲ ಎಂದು ಮ್ಯಾಗಿ ತಿನ್ನಲು ಶುರು ಮಾಡುತ್ತಾಳೆ, ರುಚಿಯಲ್ಲಿ ಮುಳುಗಿ ಅಣ್ಣ ಇದ್ದಾನೆ ಅನ್ನುವುದನ್ನೇ ಮರೆಯುತ್ತಾಳೆ. ಟಾಮ್‌ನದ್ದು ಬೇಗ ಮುಗಿದಿದೆ. ಅವಳ ಕೊನೆಯ ತುತ್ತುಗಳನ್ನೇ ನೋಡುತ್ತಾ ಕೂತಿದ್ದಾನೆ. ಅವಳು ನುಂಗಿದ ಕೂಡಲೇ ‘ಹೊಟ್ಟೆಬಾಕಿ!’ ಅನ್ನುತ್ತಾನೆ.

ಕೇಳಿದಾಗ ಬೇಡ ಅಂದವನು ಅವನೇ ಅಲ್ವಾ? ಹೌದು. ಆದರೆ ಅದು ತನ್ನ ಪಾಲು ಕೈಯಲ್ಲಿದ್ದಾಗಿನ ಮಾತು. ತನ್ನದು ಹೊಟ್ಟೆಗೆ ಹೋದ ಮೇಲೆ ನ್ಯಾಯದ ಬಣ್ಣವೇ ಬೇರೆ. ಅಣ್ಣ, ತಮ್ಮ, ಅಕ್ಕ, ತಂಗಿ ಯಾರಾದರೂ ಒಬ್ಬರ ಜೊತೆ ಬೆಳೆದವರಿಗೆ ಇದಕ್ಕೆ ವಿವರಣೆಯೇ ಬೇಕಾಗಿಲ್ಲ.

ಟಾಮ್ ಕೆಟ್ಟವನು ಅಂತ ಒಪ್ಪಿಕೊಳ್ಳಬಹುದಾ?

ಬೇಡ. ಹಾಗೆ ಓದಿದರೆ ಪುಸ್ತಕ ಚಿಕ್ಕದಾಗುತ್ತದೆ. ರಜೆಗೆ ಬರುವಾಗ ಇದೇ ಟಾಮ್ ಸ್ಕೂಲಿನಲ್ಲಿ ಮಿಠಾಯಿಗೆ ದುಡ್ಡು ಹಾಕದೆ ಉಳಿಸಿ, ತಂಗಿಗೂ ಒಂದು ಮೀನಿನ ಗಾಳದ ದಾರ ತಂದಿರುತ್ತಾನೆ. ಮೊಲದ ಜಗಳ ಆದ ಸಂಜೆ ಮ್ಯಾಗಿ ಅಟ್ಟಕ್ಕೆ ಹೋಗಿ ಅಳುತ್ತಾ ಕೂತಾಗ ಅಪ್ಪ ಅವನನ್ನೇ ಕರೆತರಲು ಕಳಿಸುತ್ತಾನೆ, ಇವನು ಕೇಕ್ ತುಂಡಿನ ಸಮೇತ ಮೇಲೆ ಹೋಗುತ್ತಾನೆ, ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ತಿನ್ನುತ್ತಾರೆ. ಅಪ್ಪ ದಿವಾಳಿಯಾದಾಗ ಓದು ಬಿಟ್ಟು ದುಡಿದು, ಪೈಸೆ ಪೈಸೆ ಕೂಡಿಸಿ ಸಾಲ ತೀರಿಸುವವನೂ ಇವನೇ. ಹದಿನಾರು ಹದಿನೇಳರ ಹುಡುಗನ ಹೆಗಲ ಮೇಲೆ ಇಡೀ ಮನೆ. ಅವನಿಗೆ ಕ್ಷಮಿಸಲು ಬಾರದು, ಅದೇ ಅವನ ಕೊರತೆ. ಅದನ್ನು ಕಲಿಸಿದವರೂ ಮನೆಯಲ್ಲಿ ಯಾರೂ ಇರಲಿಲ್ಲ.

ಮ್ಯಾಗಿಯೇ ಬುದ್ಧಿವಂತೆ. ಆದರೂ ಸ್ಕೂಲಿಗೆ ಹೋಗುವುದು ಟಾಮ್. ಯಾಕೆ?

ಅವಳು ಹೆಣ್ಣು, ಅದಕ್ಕೆ. ಟಲಿವರ್‌ಗೆ ಮಗಳ ಬುದ್ಧಿ ಬಗ್ಗೆ ಹೆಮ್ಮೆಯೂ ಇದೆ, ಭಯವೂ ಇದೆ. ಇಷ್ಟು ಚುರುಕು ಹೆಣ್ಣುಮಕ್ಕಳಿಗೆ ಯಾಕೆ, ಮುಂದೆ ತೊಂದರೆ ಎಂದು ಗೊಣಗುತ್ತಾನೆ. ಮಗನನ್ನು ಮಾತ್ರ ವರ್ಷಕ್ಕೆ 100 ಪೌಂಡ್ ಕೊಟ್ಟು ಒಬ್ಬ ಪಾದ್ರಿಯ ಮನೆಗೆ ಓದಲು ಕಳಿಸುತ್ತಾನೆ. ಲಾಯರ್‌ಗಳ ಎದುರು ನಿಂತು ಮಾತಾಡುವಷ್ಟು ವಿದ್ಯೆ ಬರಲಿ ಅಂತ ಆಸೆ. ಅಲ್ಲಿ ಕಲಿಸುವುದು ಲ್ಯಾಟಿನ್ ಮತ್ತು ಯೂಕ್ಲಿಡ್‌ನ ರೇಖಾಗಣಿತ. ಟಾಮ್ ಒದ್ದಾಡುತ್ತಾನೆ. ಅವನ ಕೈ ಚುರುಕು, ಕಣ್ಣು ಚುರುಕು, ಆದರೆ ಈ ಓದು ಅವನಿಗೆ ಹೇಳಿ ಮಾಡಿಸಿದ್ದಲ್ಲ.

ಮ್ಯಾಗಿ ಅಣ್ಣನನ್ನು ನೋಡಲು ಹೋದಾಗ ಲ್ಯಾಟಿನ್ ಪುಸ್ತಕ ಹಿಡಿದು ಕೂರುತ್ತಾಳೆ, ಅವಳಿಗೆ ಅದು ಆಟ. ‘ನಾನೂ ಇದನ್ನೆಲ್ಲ ಕಲಿಯಬಹುದಾ’ ಎಂದು ಮೇಷ್ಟ್ರನ್ನು ಕೇಳುತ್ತಾಳೆ. ಹುಡುಗಿಯರಿಗೆ ಮೇಲುಮೇಲಿನ ಜಾಣತನ ಇರುತ್ತದೆ, ಆಳಕ್ಕೆ ಹೋಗಲಾರರು ಎಂದು ಅವರ ಉತ್ತರ. ಟಾಮ್ ಹಿಂದಿನಿಂದ ತಲೆ ಅಲ್ಲಾಡಿಸಿ ಗೆದ್ದ ಸನ್ನೆ ಮಾಡುತ್ತಾನೆ. ಪಾಪ, ಇಡೀ ವರ್ಷ ಅಲ್ಲಿ ಅವನು ಗೆದ್ದಿದ್ದು ಅದೊಂದೇ ಸಲ.

ಇಬ್ಬರಿಗೂ ಅನ್ಯಾಯವೇ ಆಯಿತು. ಬೇಕಾದವಳಿಗೆ ಕೊಡಲಿಲ್ಲ, ಬೇಡದವನ ತಲೆಗೆ ಕಟ್ಟಿದರು. ಮ್ಯಾಗಿ ಜೊತೆ ಅನುಕಂಪ ಪಡುವವರು ಬಹಳ ಜನ. ಟಾಮ್‌ಗೂ ನಷ್ಟ ಆಯಿತಲ್ಲ ಅನ್ನುವುದು ಕಾಣುವುದು ಎರಡನೇ ಓದಿನಲ್ಲಿ.

ಮಧ್ಯೆ ಮಧ್ಯೆ ಬರುವ ಆ ದೊಡ್ಡಮ್ಮ–ಚಿಕ್ಕಮ್ಮ–ಅತ್ತೆಯರ ಗೋಜಲು ಯಾಕೆ?

ಅವರೂ ಒಡಹುಟ್ಟಿದವರೇ, ಅದಕ್ಕೆ. ಒಂದು ಕಡೆ ತಾಯಿ ಮತ್ತು ಅವಳ ಅಕ್ಕತಂಗಿಯರು, ಒಟ್ಟು ನಾಲ್ಕು ಜನ. ಲಿನನ್ ಬಟ್ಟೆ, ಬೆಳ್ಳಿ, ವಿಲ್ ಪತ್ರ, ಯಾರ ಮನೆಯ ಉಪ್ಪಿನಕಾಯಿ ಹೇಗೆ ಅನ್ನುವುದರಲ್ಲೇ ಅವರ ಜೀವ. ಇನ್ನೊಂದು ಕಡೆ ತಂದೆಯ ತಂಗಿ, ಬಡವನನ್ನು ಮದುವೆಯಾದ ಮಿಸೆಸ್ ಮಾಸ್. ಟಲಿವರ್ ತನ್ನ ಭಾವನಿಗೆ 300 ಪೌಂಡ್ ಸಾಲ ಕೊಟ್ಟಿದ್ದಾನೆ. ಕೈ ಕಟ್ಟಿದಾಗ ವಸೂಲಿ ಮಾಡಲು ಕುದುರೆ ಹತ್ತಿ ಹೋಗುತ್ತಾನೆ. ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗುತ್ತಾನೆ, ಒರಟಾಗಿ ಮಾತಾಡಿ ಹೊರಡುತ್ತಾನೆ ಕೂಡ. ಆದರೆ ದಾರಿಯಲ್ಲಿ ಕುದುರೆ ತಿರುಗಿಸಿ ವಾಪಸ್ ಬಂದು, ಆ ದುಡ್ಡಿನ ಚಿಂತೆ ಬಿಡು ಎಂದು ತಂಗಿಗೆ ಹೇಳುತ್ತಾನೆ.

ಯಾಕೆ ಗೊತ್ತಾ? ನಾನು ನನ್ನ ತಂಗಿಯ ಮೇಲೆ ಕಠಿಣವಾದರೆ, ನಾನಿಲ್ಲದ ಕಾಲಕ್ಕೆ ಟಾಮ್ ಮ್ಯಾಗಿಯ ಮೇಲೆ ಹಾಗೇ ಆದಾನು ಅನ್ನುವ ಅಂಜಿಕೆ. ಲಾಜಿಕ್ ಇಲ್ಲ. ಒಬ್ಬ ಅಪ್ಪನ ಹೊಟ್ಟೆಯ ಸಂಕಟ ಅಷ್ಟೇ. ನಮ್ಮ ತ್ರಿಪದಿಗಳಲ್ಲಿ ತವರು ನೆನೆಯುವ ಹೆಣ್ಣುಮಕ್ಕಳು ಅಪ್ಪ ಅಮ್ಮನ ನಂತರ ಅಣ್ಣತಮ್ಮಂದಿರ ಹೊಸ್ತಿಲು ನೋಡುತ್ತಾರಲ್ಲ, ಅದೇ ಭಯ ಈ ಇಂಗ್ಲಿಷ್ ಗಿರಣಿಯವನಿಗೂ ಇದೆ.

ಇನ್ನೊಂದು ತಿರುವು. ಊರೆಲ್ಲ ಮ್ಯಾಗಿಯ ಮೇಲೆ ಆಡಿಕೊಳ್ಳುವಾಗ, ಅಣ್ಣನೇ ಹೊರಹಾಕಿದಾಗ, ಅವಳ ಪರ ನಿಲ್ಲುವವಳು ಯಾರು ಅಂದರೆ ಮೊದಲಿನಿಂದ ಎಲ್ಲರನ್ನೂ ಗದರುತ್ತಿದ್ದ ದೊಡ್ಡಮ್ಮ ಮಿಸೆಸ್ ಗ್ಲೆಗ್. ತಪ್ಪು ಸಾಬೀತಾಗುವ ತನಕ ನಮ್ಮ ಮನೆಯ ಹುಡುಗಿಯನ್ನು ಬಿಡುವಂತಿಲ್ಲ ಅನ್ನುವುದು ಅವಳ ಲೆಕ್ಕ. ಜಿಪುಣಿಯ ಲೆಕ್ಕವೇ, ಆದರೆ ಆ ಹೊತ್ತಿಗೆ ಅದೇ ಆಸರೆ.

ಇದು ಲೇಖಕಿಯ ಸ್ವಂತ ಕಥೆ ಅಂತ ಕೇಳಿದ್ದೇನೆ. ಹೌದಾ?

ಬಾಲ್ಯದ ಮಟ್ಟಿಗೆ ಬಹಳಷ್ಟು ಹೌದು. ಜಾರ್ಜ್ ಎಲಿಯಟ್ ಅನ್ನುವುದು ಕಾವ್ಯನಾಮ. ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್. ಹುಟ್ಟಿದ್ದು 1819ರಲ್ಲಿ, ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ. ಅಣ್ಣ ಐಸಾಕ್ ಮೂರು ವರ್ಷ ದೊಡ್ಡವನು. ಚಿಕ್ಕವಳಿದ್ದಾಗ ಅವನ ಹಿಂದೆಯೇ ಸುತ್ತುತ್ತಿದ್ದಳು.

1854ರಿಂದ ಅವರು ಜಾರ್ಜ್ ಹೆನ್ರಿ ಲೂಯಿಸ್ ಎಂಬ ಬರಹಗಾರನ ಜೊತೆ ಬಾಳಲು ಶುರು ಮಾಡಿದರು. ಆತನಿಗೆ ಮೊದಲೇ ಮದುವೆಯಾಗಿತ್ತು, ವಿಚ್ಛೇದನ ಸಿಗುವಂತಿರಲಿಲ್ಲ. 1857ರಲ್ಲಿ ಅಣ್ಣನಿಗೆ ವಿಷಯ ತಿಳಿಸಿ ಪತ್ರ ಬರೆದರು. ಐಸಾಕ್ ತಾನು ಉತ್ತರಿಸಲಿಲ್ಲ, ವಕೀಲರಿಂದ ಬರೆಸಿದ. ಅಲ್ಲಿಗೆ ಮಾತು ನಿಂತಿತು. ಕಾದಂಬರಿ ಬಂದದ್ದು ಅದಾದ ಮೂರು ವರ್ಷಕ್ಕೆ. 1869ರಲ್ಲಿ ‘ಅಣ್ಣ ಮತ್ತು ತಂಗಿ’ ಎಂದು 11 ಸಾನೆಟ್ (ಹದಿನಾಲ್ಕು ಸಾಲಿನ ಪದ್ಯ) ಬರೆದರು, ಆಗಲೂ ಅಣ್ಣ ಮೌನ. ಲೂಯಿಸ್ 1878ರಲ್ಲಿ ತೀರಿಕೊಂಡಾಗಲೂ ಮೌನ.

1880ರ ಮೇ ತಿಂಗಳಲ್ಲಿ ಎಲಿಯಟ್ ಜಾನ್ ಕ್ರಾಸ್ ಎಂಬುವವರನ್ನು ಕಾನೂನು ಪ್ರಕಾರ ಮದುವೆಯಾದರು. ಆಗ ಬಂತು ಐಸಾಕ್‌ನ ಶುಭಾಶಯ ಪತ್ರ. ಅದೇ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು, ಐಸಾಕ್ ಅಂತ್ಯಕ್ರಿಯೆಗೆ ಬಂದಿದ್ದ. ಕಾದಂಬರಿಯಲ್ಲಿ ಅಣ್ಣನ ಮನಸ್ಸು ಕರಗಲು ಒಂದು ಮಹಾಪ್ರವಾಹವೇ ಬೇಕಾಯಿತು. ನಿಜಜೀವನದಲ್ಲಿ ಮದುವೆಯ ಸರ್ಟಿಫಿಕೇಟ್ ಸಾಕಾಯಿತು. ನನಗಂತೂ ಎರಡನೆಯದ್ದೇ ಹೆಚ್ಚು ಕ್ರೂರ ಅನ್ನಿಸುತ್ತದೆ.

ಆ ಪ್ರವಾಹದ ಕೊನೆ ಸ್ವಲ್ಪ ಸಿನಿಮೀಯ ಅಲ್ವಾ?

ಹೌದು. ಮ್ಯಾಗಿ ದೋಣಿ ಹುಟ್ಟು ಹಾಕಿಕೊಂಡು ಅಣ್ಣನನ್ನು ಉಳಿಸಲು ಬರುತ್ತಾಳೆ, ಅವನು ಚಿಕ್ಕಂದಿನ ಹೆಸರಿನಲ್ಲಿ ‘ಮ್ಯಾಗ್ಸಿ’ ಅನ್ನುತ್ತಾನೆ, ಇಬ್ಬರೂ ತಬ್ಬಿಕೊಂಡು ಮುಳುಗುತ್ತಾರೆ. ಅವಸರದಲ್ಲಿ ಮುಗಿಸಿದ ಹಾಗಿದೆ ಎಂದು ಆಗಿನ ಕಾಲದಲ್ಲೇ ದೂರಿದ್ದರು. ಮೊದಲ ಎರಡು ಸಂಪುಟಗಳಲ್ಲಿ ಬಾಲ್ಯದ ಮೋಹಕ್ಕೆ ಸಿಕ್ಕಿ ಹೆಚ್ಚು ಜಾಗ ಕೊಟ್ಟುಬಿಟ್ಟೆ, ಮೂರನೆಯದ್ದು ಸೊರಗಿತು ಎಂದು ಎಲಿಯಟ್ ಕೂಡ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಬಾಲ್ಯ ಕಡಿಮೆ ಮಾಡಬೇಕಿತ್ತು ಅಂತ ಮಾತ್ರ ನಾನು ಹೇಳುವುದಿಲ್ಲ.

‘ಪಥೇರ್ ಪಾಂಚಾಲಿ’ ಸಿನಿಮಾ ನೋಡಿದ್ದೇನೆ. ಪುಸ್ತಕ ಬೇರೆ ಓದಬೇಕಾ?

ಓದಿ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಲ್ಲಿ, ಸತ್ಯಜಿತ್ ರೇ ಸಿನಿಮಾ 1955ರದ್ದು. ಸಿನಿಮಾ ನೋಡಿದವರೆಲ್ಲ ಹೇಳುವುದು ರೈಲಿನ ದೃಶ್ಯ: ಬಿಳಿ ಕಾಶ ಹುಲ್ಲಿನ ನಡುವೆ ಅಕ್ಕ ದುರ್ಗಾ, ತಮ್ಮ ಅಪು ಓಡುವುದು. ಪುಸ್ತಕದಲ್ಲಿ ಅದು ಇಲ್ಲ. ಅಲ್ಲಿ ಇಬ್ಬರೂ ರೈಲು ದಾರಿ ಹುಡುಕಿಕೊಂಡು ಹೋಗಿ ದಾರಿ ತಪ್ಪಿ ವಾಪಸ್ ಬರುತ್ತಾರೆ. ದುರ್ಗಾ ರೈಲು ನೋಡದೆಯೇ ಸಾಯುತ್ತಾಳೆ. ಜ್ವರದಲ್ಲಿ ಮಲಗಿದ್ದಾಗ ತಮ್ಮನನ್ನು ಕೇಳುತ್ತಾಳೆ, ನನಗೆ ಹುಷಾರಾದ ಮೇಲೆ ಒಂದು ದಿನ ರೈಲುಗಾಡಿ ತೋರಿಸುತ್ತೀಯಾ ಎಂದು. ಅಕ್ಕ ತಮ್ಮನನ್ನು ಕೇಳುವುದು ಗಮನಿಸಿ. ಅದುವರೆಗೆ ಊರನ್ನೆಲ್ಲ ಅವನಿಗೆ ತೋರಿಸಿದವಳು ಅವಳು.

ದುರ್ಗಾ ನಿಜವಾಗಿಯೂ ಕದಿಯುತ್ತಾಳಾ?

ಹೌದು, ಕದಿಯುತ್ತಾಳೆ. ಆದರೆ ಮೊದಲು ಆ ಮನೆಯನ್ನು ನೋಡಿ. ಅಪ್ಪ ಹರಿಹರ ಪೌರೋಹಿತ್ಯ ಮಾಡುವ ಬಡ ಬ್ರಾಹ್ಮಣ, ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲ. ತಾಯಿ ಸರ್ಬಜಯಾ ಇರುವುದರಲ್ಲೇ ಹೊಂದಿಸಬೇಕು. ಹೊಂದಿಸುವಾಗ ಒಳ್ಳೆಯದೆಲ್ಲ ಅಪು ಕಡೆಗೆ ಸರಿಯುತ್ತದೆ, ಏಟು ಬೈಗುಳ ದುರ್ಗಾ ಕಡೆಗೆ. ಸರ್ಬಜಯಾ ಕೆಟ್ಟ ತಾಯಿ ಅಲ್ಲ. ಅವಳ ಕೈಯಲ್ಲಿ ಅಷ್ಟೇ ಇತ್ತು. ಆ ಹುಡುಗಿ ಕಾಡು, ತೋಪು, ಪಕ್ಕದ ಮನೆಯ ತೋಟ ಸುತ್ತುವುದು ತನ್ನ ಪಾಲನ್ನು ಅಲ್ಲಿಂದ ತರಲು.

ಮಾವಿನಕಾಯಿ ಪ್ರಸಂಗ ನೆನಪಿಟ್ಟುಕೊಳ್ಳಿ. ದುರ್ಗಾ ತೆಂಗಿನ ಚಿಪ್ಪಿನಲ್ಲಿ ಎಳೆ ಮಾವಿನಕಾಯಿ ಹೋಳು ಹಿಡಿದು ತಮ್ಮನನ್ನು ಸದ್ದಿಲ್ಲದೆ ಕರೆಯುತ್ತಾಳೆ. ಎಣ್ಣೆ ಉಪ್ಪು ತಾ, ಕಲಸಿ ತಿನ್ನೋಣ ಅನ್ನುತ್ತಾಳೆ. ಅಪುಗೆ ಪೇಚಾಟ: ಮೈಲಿಗೆ ಬಟ್ಟೆಯಲ್ಲಿ ಎಣ್ಣೆ ಕುಡಿಕೆ ಮುಟ್ಟಿದರೆ ಅಮ್ಮ ಹೊಡೆಯುತ್ತಾಳಲ್ಲ? ಆದರೂ ತರುತ್ತಾನೆ. ಗಬಗಬ ತಿಂದು ಬಾಯಿ ಒರೆಸಿಕೊಂಡು ಒಳಗೆ ಹೋಗುತ್ತಾರೆ. ಅಮ್ಮ ಹುರಿದ ಅಕ್ಕಿ ಕೊಟ್ಟರೆ ಅಪು ಅಗಿಯಲಾರದೆ, ಮಾವಿನಕಾಯಿ ತಿಂದು ಹಲ್ಲು ಜುಮ್ ಅಂತಿದೆ ಎಂದು ಬಾಯಿಬಿಡುತ್ತಾನೆ. ಅಕ್ಕ ಕಣ್ಣಲ್ಲೇ ಗದರುವ ಹೊತ್ತಿಗೆ ಮಾತು ಹೊರಬಿದ್ದಾಗಿದೆ.

ಕದ್ದದ್ದನ್ನು ಅವಳು ಒಬ್ಬಳೇ ತಿನ್ನುವುದಿಲ್ಲ. ಅಮ್ಮ ಹಂಚುವಾಗ ಅವಳಿಗೆ ಕಡಿಮೆ, ಅವಳು ಹಂಚುವಾಗ ತಮ್ಮನಿಗೂ ಪಾಲು. ಟಾಮ್‌ನ ಚಾಕುವಿನ ನ್ಯಾಯಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಕಳ್ಳತನದ ನಿಜ ಹೊರಗೆ ಬರುವುದು ಅವಳು ಹೋದ ಮೇಲೆ. ಊರು ಬಿಡುವಾಗ ಸಾಮಾನು ಎತ್ತುತ್ತಿದ್ದ ಅಪುಗೆ ನೆರೆಮನೆಯಲ್ಲಿ ಕಳೆದುಹೋಗಿದ್ದ ಪುಟ್ಟ ಚಿನ್ನದ ಕುಂಕುಮದ ಭರಣಿ ಸಿಗುತ್ತದೆ. ಅದಕ್ಕಾಗಿ ದುರ್ಗಾ ಏಟು ತಿಂದಿದ್ದಳು. ಯಾರಿಗೂ ಹೇಳದೆ ಅದನ್ನು ಬಿದಿರು ಮೆಳೆಗೆ ಎಸೆಯುತ್ತಾನೆ. ಸಿನಿಮಾದಲ್ಲಿ ಅದು ಹಾರ, ಬೀಳುವುದು ಕೊಳಕ್ಕೆ. ಮಾವಿನಕಾಯಿಯ ಗುಟ್ಟು ಒಂದು ಗಳಿಗೆ ಕಾಯಲಾರದ ಹುಡುಗ ಈ ಗುಟ್ಟನ್ನು ಕಾಯುತ್ತಾನೆ.

ಅಕ್ಕತಂಗಿಯರ ಕಥೆ?

ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ (1868, ಎರಡನೇ ಭಾಗ 1869). ನಾಲ್ಕು ಹುಡುಗಿಯರ ಮುದ್ದಾದ ಸಂಸಾರ ಎಂದು ತಪ್ಪು ತಿಳಿದವರೇ ಜಾಸ್ತಿ. ನಾಟಕಕ್ಕೆ ಕರೆದುಕೊಂಡು ಹೋಗಲಿಲ್ಲ ಅನ್ನುವ ಸಿಟ್ಟಿಗೆ 12ರ ಏಮಿ, ಅಕ್ಕ ಜೋ ವರ್ಷಗಟ್ಟಲೆ ಬರೆದ ಕಥೆಗಳ ಒಂದೇ ಒಂದು ಪ್ರತಿಯನ್ನು ಬೆಂಕಿಗೆ ಹಾಕುತ್ತಾಳೆ. ಜೋಗೆ ಅದು ಗೊತ್ತಾದ ಮರುದಿನ ನದಿಯ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್. ನಡುವಿನಲ್ಲಿ ತೆಳುವಾಗಿದೆ ಎಂದು ಜೋಗೆ ಗೊತ್ತು, ಹಿಂದೆ ಬರುತ್ತಿದ್ದ ತಂಗಿಗೆ ಹೇಳುವುದಿಲ್ಲ. ಏಮಿ ಒಳಗೆ ಬೀಳುತ್ತಾಳೆ. ಬದುಕುತ್ತಾಳೆ, ಸದ್ಯ.

ಆ ರಾತ್ರಿ ಜೋ ಅಳುತ್ತಾ ಅಮ್ಮನ ಹತ್ತಿರ ಹೇಳಿಕೊಂಡಾಗ ಅಮ್ಮ ಬುದ್ಧಿ ಹೇಳುವ ಬದಲು, ನನಗೂ ಹೆಚ್ಚುಕಡಿಮೆ ದಿನಾ ಸಿಟ್ಟು ಬರುತ್ತದೆ, 40 ವರ್ಷದಿಂದ ತಡೆಯಲು ನೋಡುತ್ತಿದ್ದೇನೆ ಅನ್ನುತ್ತಾಳೆ. ಟಾಮ್‌ಗೆ ಇಂಥದ್ದೊಂದು ಮಾತು ಯಾರಾದರೂ ಹೇಳಿದ್ದರೆ ಅಂತ ನನಗೆ ಆಸೆ. ಮುಂದೆ ಯೂರೋಪ್ ಪ್ರವಾಸ ಜೋಗೆ ತಪ್ಪಿ ಏಮಿಗೆ ಸಿಗುತ್ತದೆ, ಮತ್ತೆ ಪಾಲಿನ ಪ್ರಶ್ನೆ.

ಅಣ್ಣತಮ್ಮಂದಿರದ್ದು?

ದಾಸ್ತಯೆವ್‌ಸ್ಕಿಯ ‘ದಿ ಬ್ರದರ್ಸ್ ಕರಮಜೋವ್’ (1880). ಅಪ್ಪ ಮಕ್ಕಳನ್ನು ಮರೆತೇ ಬಿಟ್ಟವನು, ಆಳು ಗ್ರಿಗೊರಿ ಸಾಕಬೇಕಾಯಿತು. ಮೂವರು ಮಕ್ಕಳಿಗೆ ಕನಿಷ್ಠ ಹೆಸರಾದರೂ ಸಿಕ್ಕಿತು. ಅದೇ ಅಪ್ಪನ ಮಗ ಎಂದು ಊರು ಆಡಿಕೊಳ್ಳುವ ನಾಲ್ಕನೆಯವನಿಗೆ ಅಡುಗೆಮನೆ ಸಿಕ್ಕಿತು. ಕೊನೆಗೆ ಅಪ್ಪನ ಕೊಲೆ ಮಾಡಿದ್ದು ಯಾರು ಎಂದು ಇನ್ನು ಕೇಳಬೇಡಿ.

ಇದನ್ನೆಲ್ಲ ಅರ್ಥ ಮಾಡಿಕೊಳ್ಳಲು ಮನಃಶಾಸ್ತ್ರ ಓದಿರಬೇಕಾ?

ಬೇಕಾಗಿಲ್ಲ.

ಮಕ್ಕಳಿಗೆ ಓದಲು ಕೊಡಬಹುದಾ? ಯಾವ ಪ್ರತಿ ಒಳ್ಳೆಯದು?

‘ಲಿಟಲ್ ವಿಮೆನ್’ ಆರಾಮಾಗಿ ಕೊಡಿ. ಎಲಿಯಟ್ ಪುಸ್ತಕ ದೊಡ್ಡವರಿಗೆ, ಆದರೆ ಮೊದಲ ಭಾಗವನ್ನು ನೀವೇ ಓದಿ ಹೇಳಿದರೆ ಮಕ್ಕಳು ಕೇಳುತ್ತಾರೆ. ಅದರ ಹಳ್ಳಿ ಇಂಗ್ಲಿಷ್ ಮೊದಮೊದಲು ತೊಡಕು. ಟಲಿವರ್‌ನ ಮಾತನ್ನು ಜೋರಾಗಿ ಓದಿಕೊಳ್ಳಿ, ತಾನಾಗೇ ಬಿಡಿಸಿಕೊಳ್ಳುತ್ತದೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ‘ಪಥೇರ್ ಪಾಂಚಾಲಿ’ಯನ್ನು ಇಂಗ್ಲಿಷಿನಲ್ಲಿ ಓದುವವರು ಗಮನಿಸಿ: ಕ್ಲಾರ್ಕ್ ಮತ್ತು ಮುಖರ್ಜಿ ಮಾಡಿದ 1968ರ ಅನುವಾದ ಸೊಗಸಾಗಿದೆ, ಆದರೆ ಕುಟುಂಬ ಊರು ಬಿಡುವಲ್ಲಿಗೆ ನಿಲ್ಲುತ್ತದೆ, ಮೂಲದ ಕೊನೆಯ ಭಾಗ ಅದರಲ್ಲಿಲ್ಲ. ಬಂಗಾಳಿ ಬಲ್ಲವರಾದರೆ ಮಕ್ಕಳಿಗೆಂದು ಸಂಕ್ಷೇಪಿಸಿದ ‘ಆಮ್ ಆಂಟಿರ್ ಭೇಂಪು’ ಇದೆ. ಅದಕ್ಕೆ ಚಿತ್ರ ಬರೆದದ್ದು ಆಗಿನ್ನೂ ಜಾಹೀರಾತು ಕಂಪನಿಯಲ್ಲಿದ್ದ ಸತ್ಯಜಿತ್ ರೇ. ಸಿನಿಮಾದ ಬೀಜ ಅಲ್ಲಿಯದ್ದು.

ನಾನು ಒಬ್ಬನೇ ಮಗ. ಈ ಕಥೆಗಳು ನನಗೆ ತಾಗುತ್ತವಾ?

ನಿಮ್ಮಂಥವನೊಬ್ಬ ಎಲಿಯಟ್ ಪುಸ್ತಕದಲ್ಲೇ ಇದ್ದಾನೆ, ಫಿಲಿಪ್ ವೇಕಮ್. ಟಾಮ್‌ನ ಜೊತೆ ಓದುವ ಗೂನುಬೆನ್ನಿನ ಹುಡುಗ, ಟಲಿವರ್‌ನ ಶತ್ರು ಲಾಯರ್‌ನ ಮಗ. ಕಾಲಿಗೆ ಪೆಟ್ಟಾಗಿ ಮಲಗಿದ ಟಾಮ್‌ನನ್ನು ಮ್ಯಾಗಿ ಹೇಗೆ ನೋಡಿಕೊಳ್ಳುತ್ತಾಳೆ ಎಂದು ಅವನು ಕಣ್ಣಾರೆ ಕಂಡಿದ್ದಾನೆ. ಒಂದು ದಿನ ಕೇಳಿಯೇಬಿಡುತ್ತಾನೆ: ನಾನು ನಿನ್ನ ಅಣ್ಣನಾಗಿದ್ದರೆ ನನ್ನನ್ನೂ ಟಾಮ್‌ನಷ್ಟೇ ಪ್ರೀತಿಸುತ್ತಿದ್ದೆಯಾ?

ಹೂಂ, ಅವನಿಗಿಂತ ಜಾಸ್ತಿ ಅನ್ನುತ್ತಾಳೆ ಮ್ಯಾಗಿ. ತಕ್ಷಣ ತಿದ್ದಿಕೊಳ್ಳುತ್ತಾಳೆ. ಇಲ್ಲ, ಟಾಮ್‌ಗಿಂತ ಜಾಸ್ತಿ ಆಗಲಿಕ್ಕಿಲ್ಲ, ಆದರೆ ನಿನ್ನ ಬಗ್ಗೆ ನನಗೆ ತುಂಬಾ ಪಾಪ ಅನ್ನಿಸುತ್ತಿತ್ತು.